ಚೌಕಟ್ಟಿನಡಿಯ ಬೆರಳಗಲ

ಕೈ ತೊಳೆಯಬೇಡ ಇನ್ನೂ, ವಾನ್ನೆಸ್. ಇಲ್ಲಿ ಬಾ.
ಗೆಂಟ್ ಊರಿನ ಹೊರಗೆ, ಲೇಯ್ ನದಿಯ ದಂಡೆಯ ಈ ಷೆಡ್ಡಿನಲ್ಲಿ
ಮೂರು ಉರುಳೆಯ ಗಿರಣಿಯ ಮುಂದೆ
ಮೂವತ್ತೊಂದು ವರ್ಷ ಹಸಿರು ಅರೆದವಳು ನಾನು.
ಕೆಂಪಿಗೆ ಬೇರೆಯವರಿದ್ದರು, ನೀಲಿಗೂ.
ನನ್ನ ಪಾಲಿಗೆ ಬಂದದ್ದು ಇದು, ಮತ್ತು ಅಗಸೆ ಎಣ್ಣೆಯ ವಾಸನೆ.

ಮೊದಲು ಮಣ್ಣು. ವೆರೋನಾ ಕಡೆಯದು.
ಸ್ವಭಾವ ಒಳ್ಳೆಯದು, ಶಕ್ತಿ ಸಾಲದು.
ಎಷ್ಟು ಎಣ್ಣೆ ಹೊಯ್ದರೂ ಕುಡಿಯುತ್ತದೆ,
ಗೇಯ್ಮೆ ಮಾತ್ರ ಅಷ್ಟಕ್ಕಷ್ಟೇ.
ಹಿಂದೆ ಸಂತರ ಕೆನ್ನೆಗೆ ಅಡಿಪಾಯ ಇದೇ;
ಮೇಲಿನ ಗುಲಾಬಿ ಸವೆದ ಕಡೆ ಈಗ
ಮೇರಿಯಮ್ಮನಿಗೂ ಹೊಟ್ಟೆ ತೊಳಸಿದ ಮುಖ.

ಕ್ರೋಮಿಯಂ ಆಕ್ಸೈಡು ಮೊಂಡ.
ಬಿಸಿಲಿಗೆ ಬಗ್ಗದು, ಸುಣ್ಣಕ್ಕೆ ಹೆದರದು,
ಬೇಯಿಸಿದ ಬಟಾಣಿಯ ಬಣ್ಣದಲ್ಲಿ
ಕೆಳಗಿದ್ದುದನ್ನೆಲ್ಲ ಮುಚ್ಚಿಹಾಕುತ್ತದೆ.
ಅದೇ ಮೈಯೊಳಗೆ ನೀರು ಕಟ್ಟಿಕೊಂಡಿತೋ, ವಿರಿಡಿಯನ್.
ಒಡಹುಟ್ಟಿದವರು ಅಂದರೆ ಯಾರೂ ನಂಬರು:
ಇದು ಬೆಳಕನ್ನು ಒಳಗೆ ಕರೆದು
ಗಾಜಿನ ಹಾಗೆ ಆಚೆ ಬಿಡುತ್ತದೆ.

ಥಾಲೋ ಅರೆಯುವ ದಿನ ಬಿಳಿ ಅಂಗಿ ಹಾಕಬೇಡ.
ಸಾಸಿವೆಯಷ್ಟು ಬಿದ್ದರೆ ಬಕೆಟ್ ಬಿಳಿ ಹೋಯಿತು.
ಶನಿವಾರ ಅರೆದದ್ದನ್ನು
ಮಂಗಳವಾರದ ಬ್ರೆಡ್ಡಿನ ಮೇಲೆ ಕಂಡಿದ್ದೇನೆ.
ನನ್ನ ಮದುವೆಯ ಫೋಟೋ ನೋಡು, ಎಡಕಿವಿಯ ಹಿಂದೆ.

ಆ ಮೇಲಿನ ಕಪಾಟು, ಬೀಗ ಹಾಕಿದ್ದು,
ಅದರಲ್ಲಿ ಒಂದೇ ಒಂದು ಡಬ್ಬಿ.
ತಾಮ್ರ, ಪಾಷಾಣ.
ಅಂಥ ಹಸಿರನ್ನು ಮತ್ತೆ ಯಾರೂ ಮಾಡಲಿಲ್ಲ.
ಮಾಡಲೂ ಬಾರದು.
ಒಂದು ಕಾಲದಲ್ಲಿ ಇಲಿಗೂ ಅದೇ, ಎಲೆಗೂ ಅದೇ.

ಇನ್ನು ಕಿಲುಬು.
ನಮ್ಮಜ್ಜಿ ಹುಳಿ ಹಾಕಿ ಉಜ್ಜಿ ಓಡಿಸುತ್ತಿದ್ದ ಕಿಲುಬನ್ನೇ
ಮೊಂಪೆಲ್ಯೆ ಊರಿನ ಹೆಂಗಸರು ನೆಲಮಾಳಿಗೆಯಲ್ಲಿ ಬೆಳೆಯುತ್ತಿದ್ದರಂತೆ:
ಹುಳಿತ ದ್ರಾಕ್ಷಿ ಹಿಪ್ಪೆಯ ನಡುವೆ ತಾಮ್ರದ ತಗಡು ಒಟ್ಟಿ,
ಕಾದು, ಕೆರೆದು, ಉಂಡೆ ಮಾಡಿ ಮಾರಿ.
ರಾಳದಲ್ಲಿ ಕರಗಿಸಿ ತೆಳ್ಳಗೆ ಎಳೆದರೆ
ಮಳೆ ನಿಂತ ಮರುಕ್ಷಣದ ಹುಲ್ಲು.

ನಮ್ಮ ಮನೆಯ ಚಿತ್ರ ನೀನು ನೋಡಿದ್ದೀಯ.
ಮಠವೊಂದು ಮುಚ್ಚಿದಾಗ ಕೂಲಿಯ ಬದಲು
ಮುತ್ತಜ್ಜ ಒಡಿಲೊನ್ ಹೊತ್ತು ತಂದದ್ದು.
ಬರೆದವನ ಹೆಸರಿಲ್ಲ. ಒಂದು ದಾರಿ, ಎರಡೂ ಕಡೆ ಲಿಂಡೆನ್ ಮರ,
ಎಲೆಯೆಲ್ಲ ಕಂದು.
ಅಮ್ಮ ಅದನ್ನು ‘ಅಕ್ಟೋಬರ್’ ಅಂತಲೇ ಕರೆದಳು.
ಪ್ರತಿ ವರ್ಷ ಚಳಿ ಕಾಲಿಡುವಾಗ ಧೂಳು ಒರೆಸಿ
‘ಇಗೋ, ಚಿತ್ರ ತನ್ನ ತಿಂಗಳಿಗೆ ಬಂತು’ ಅನ್ನುತ್ತಿದ್ದಳು.
ಅವಳನ್ನು ಮಣ್ಣು ಮಾಡಿದ್ದೂ ಅಕ್ಟೋಬರಿನಲ್ಲೇ;
ಆ ಚಿತ್ರದೊಳಗೇ ನಡೆದುಹೋದಳು ಅಂದುಕೊಂಡಿದ್ದೆವು.

ಹೋದ ವಾರ ಗೆದ್ದಲು ಹತ್ತಿದ ಚೌಕಟ್ಟನ್ನು ಬಿಚ್ಚಿಸಿದೆ.
ಚಿತ್ರ ರಿಪೇರಿಯ ಲೀವೆನ್ ಮಾತಾಡಲಿಲ್ಲ,
ದೀಪ ವಾಲಿಸಿ ಅಂಚು ತೋರಿಸಿದ.
ನಾಲ್ಕೂ ಬದಿಗೆ, ಮರದ ಪಟ್ಟಿಯಡಿ ಬೆಳಕೇ ಕಾಣದ
ಬೆರಳಗಲ ಜಾಗದಲ್ಲಿ
ಹಸಿರು.
ಮೇ ತಿಂಗಳ ಹಸಿರು, ವಾನ್ನೆಸ್. ಮೊನ್ನೆ ಚಿಗುರಿದಂಥದು.

ಕಂದಾದದ್ದು ತಿರುಗಿ ಹಸಿರಾಗದು, ಅಂದ.
ಗೊತ್ತು, ಅಂದೆ. ಈ ಮಾತು ನಾನು
ಎಷ್ಟು ಗಿರಾಕಿಗಳಿಗೆ ಫೋನಿನಲ್ಲಿ ಹೇಳಿಲ್ಲ!
ಆದರೂ ಬಸ್ಸಿನಲ್ಲಿ ಕೂತು
ಅಮ್ಮನಿಗೆ ಏನು ಹೇಳಲಿ ಅಂತ ಯೋಚಿಸುತ್ತಿದ್ದೆ,
ಅವಳಿಲ್ಲ ಅನ್ನುವುದು
ಎರಡು ನಿಲ್ದಾಣ ದಾಟಿದ ಮೇಲೆ ನೆನಪಾಯಿತು.

ಹೊಸ ಚೌಕಟ್ಟನ್ನು ಹಳೆಯದರ ಅಳತೆಗೇ ಹೇಳಿದ್ದೇನೆ,
ಕೂದಲೆಳೆಯೂ ಕಿರಿದಾಗದಂತೆ.
ಒಳಗೆ ಅದು ಮೇ ಆಗಿಯೇ ಇರಲಿ, ಯಾರೂ ನೋಡದೆ.

ಆಯಿತು. ಹಿಂದಿನ ಉರುಳೆ ಬಿಗಿ ಮಾಡು, ಕಾಲು ಸುತ್ತು.
ಎರಡು ಬೆರಳ ನಡುವೆ ಉಜ್ಜಿ ನೋಡಿದೆ,
ಇನ್ನೂ ಮರಳು ಮರಳಾಗಿದೆ.