ಕುಡಿ

ಫಾರಂ ಅರಬಿಯಲ್ಲಿದೆ, ಕೆಳಗೆ ಸಣ್ಣಕ್ಷರದಲ್ಲಿ ಇಂಗ್ಲಿಷು.
ಹದಿನಾರನೇ ಪ್ರಶ್ನೆ ಸಿಗರೇಟು, ಹುಕ್ಕಾ.
ಹದಿನೇಳಕ್ಕೆ ನಾನು ಬರುವ ಮೊದಲೇ
'ಇಲ್ಲ' ಎಂಬ ಚೌಕದಲ್ಲಿ ಟಿಕ್ ಬಿದ್ದಿರುತ್ತದೆ.
ಬೆಳಗಿನ ಪಾಳಿಯ ಅನ್ನಮ್ಮ ಚೇಚಿ
ನೂರು ಫಾರಮಿಗೆ ಒಟ್ಟಿಗೇ ಗೀಚಿಡುತ್ತಾಳೆ
ಚಹಾ ಆರುವಷ್ಟರಲ್ಲಿ.
"ಈ ದೇಶದಲ್ಲಿ ಅದು ಇಲ್ಲ ಮೋಳೇ,
ಇಲ್ಲದ್ದನ್ನು ಏನು ಕೇಳುವುದು?"

ಇದು ಕುವೈತಿನ ಫಾಹಾಹೀಲ್. ಕಿಟಕಿಯಾಚೆ ಸಮುದ್ರ,
ಧೂಳು ಇಳಿದ ದಿನ ಮಾತ್ರ.

ಕಳೆದ ತಿಂಗಳು ತರಬೇತಿ ಇತ್ತು.
ಹೋಟೆಲು, ಕಿತ್ತಳೆ ಜ್ಯೂಸು,
ಪರದೆಯ ಮೇಲೆ ಹೆಬ್ಬೆರಳು ಚೀಪುವ ಕೂಸು.
"ಎಷ್ಟು ಹನಿಯವರೆಗೆ ಕ್ಷೇಮ ಎಂಬುದು ಯಾರಿಗೂ ಗೊತ್ತಿಲ್ಲ,
ಆದ್ದರಿಂದ ಸೊನ್ನೆ ಎನ್ನಿ. ಮುಖ ಸಿಂಡರಿಸದೆ ಕೇಳಿ."
ಹಿಂದಿನ ಸಾಲಿನ ಫಿಲಿಪೀನಿ ಸೂಲಗಿತ್ತಿ ಕೈಯೆತ್ತಿದಳು:
"ಹೌದು ಅಂದರೆ, ಎಲ್ಲಿ ಬರೆಯಲಿ?"
ಸ್ವಲ್ಪ ಹೊತ್ತು ಏಸಿಯೇ ಮಾತಾಡಿತು.
ಬಾಯಲ್ಲಿ ಹೇಳಿ, ಕಾಗದದಲ್ಲಿ ಬೇಡ, ಅಂದರು ಡಾಕ್ಟರ್ ಹನಾನ್
ಬಳೆ ತಿರುಗಿಸುತ್ತ.
ಸಮಾಜ ಕಾರ್ಯಕರ್ತೆ ಬುಷ್ರಾ ಎದ್ದು ನಿಂತಳು:
"ಕಾಗದದಲ್ಲಿ ಇಲ್ಲದವಳಿಗೆ ನಾನು ನೆರವು ತರುವುದು ಹೇಗೆ?
ಕಾಗದದಲ್ಲಿ ಇದ್ದವಳನ್ನು ಉಳಿಸುವುದು ಹೇಗೆ?"
ಆಮೇಲೆ ಊಟಕ್ಕೆ ಬಿಟ್ಟರು. ಬಿರಿಯಾನಿ ಚೆನ್ನಾಗಿತ್ತು.

ನನ್ನ ತೊಡಕು ಬೇರೆ.
ನೀರು ಕುಡಿ, ಮಜ್ಜಿಗೆ ಕುಡಿ, ಜೀರಿಗೆ ಕಷಾಯ ಕುಡಿ
ಎಂದು ಎಷ್ಟು ಬಸುರಿಯರಿಗೆ ಹೇಳಿಲ್ಲ ನಾನು?
ಮೊದಲಿನ ಪದ ಕಿತ್ತು ನೋಡಿ:
"ಕುಡೀತೀಯಾ?"
ಕ್ರಿಯಾಪದ ಒಂಟಿಯಾಗಿ ನಿಂತದ್ದೇ
ಎದುರಿದ್ದವಳ ಸೆರಗು ಎಳೆಯುತ್ತದೆ.
ಗಂಡಸಿಗೆ ಕುಡುಕ ಎನ್ನುತ್ತೇವೆ, ನಕ್ಕು ಬಿಡುತ್ತೇವೆ.
ಅದರ ಸ್ತ್ರೀಲಿಂಗಕ್ಕೆ ನಗು ಬರುವುದಿಲ್ಲ ಯಾರಿಗೂ.

ವಿನೋಲಿಯಾ, ಇಪ್ಪತ್ತಾರು, ಕೆಮ್ಮಣ್ಣಿನವಳು,
ಮೊದಲ ಬಸುರು, ಹನ್ನೊಂದು ವಾರ.
ಗಂಡನೇ ಉತ್ತರಿಸುತ್ತಿದ್ದ, ಅವಳ ಹಸಿವಿಗೆ, ನಿದ್ದೆಗೆ, ವಾಂತಿಗೆ.
ಹದಿನೇಳಕ್ಕೆ, "ಛೇ ಸಿಸ್ಟರ್!"
ಔಷಧಿಯ ಟೋಕನ್ ತನ್ನಿ ಎಂದು ಅವನನ್ನು ಕೆಳಗೆ ಕಳಿಸಿದೆ.
ಅಲ್ಲಿನ ಸಾಲು ಎಷ್ಟು ಉದ್ದವೆಂದು ನನಗೆ ಗೊತ್ತು.

ಬಾಗಿಲು ಹಾಕಿ ನನ್ನ ಅಜ್ಜಿಯ ಕಥೆ ಹೇಳಿದೆ.
ಬಾಣಂತಿ ಕೋಣೆ, ಬಚ್ಚಲ ಹೊಗೆ,
ಅಮ್ಮನಿಗೆ ದಿನಾ ಒಂದು ಮುಚ್ಚಳ ಬ್ರಾಂದಿ.
ಅದನ್ನು ಕುಡಿಯುವುದು ಅನ್ನುತ್ತಿರಲಿಲ್ಲ ಯಾರೂ,
ತಗೊಳ್ಳುವುದು.
"ನೀನೂ ಏನಾದರೂ ತಗೊಂಡಿದ್ದುಂಟಾ, ತಿಳಿಯದೆ, ಮೊದಲೊಂದು ತಿಂಗಳು?"

ನೀರಿನ ಬಾಟಲಿಯ ಮುಚ್ಚಳ ಬಿಚ್ಚಿದಳು, ಹಾಕಿದಳು, ಬಿಚ್ಚಿದಳು.
ಕ್ರಿಸ್ಮಸ್ಸಿಗೆಂದು ಬಚ್ಚಲಲ್ಲಿ ಬಕೆಟ್ಟು,
ದ್ರಾಕ್ಷಿ ರಸ, ಯೀಸ್ಟು, ಮೇಲೊಂದು ಬೈರಾಸು.
ಹದ ನೋಡಲು ದಿನಾ ಒಂದು ಸೌಟು.
ಅವನ ರಾತ್ರಿ ಪಾಳಿಗಳಲ್ಲಿ
ನಿದ್ದೆಗೆ ಇನ್ನೊಂದು.

ಪೊಲೀಸರ ಮಾತೆತ್ತುತ್ತಾಳೆ ಅಂದುಕೊಂಡಿದ್ದೆ.
"ಬೆರಳೆಲ್ಲ ಸರಿ ಇರ್ತವಾ ಸಿಸ್ಟರ್?"

ಆದದ್ದನ್ನು ಅಳೆಯಲು ನನ್ನ ಹತ್ತಿರ ಸೇರಿಲ್ಲ, ಪಾವಿಲ್ಲ.
ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎನ್ನುವಾಗ ಅವಳ ಕೈ ಹಿಡಿದಿದ್ದೆ.
ಇವತ್ತಿನಿಂದ ಸೊನ್ನೆ. ಹದ ನೋಡಲೂ ಬೇಡ.
ನಿದ್ದೆ ಬಾರದ ರಾತ್ರಿ ಫೋನು ಮಾಡು,
ನನಗೂ ಬರುವುದಿಲ್ಲ.
ಬುಷ್ರಾಳ ನಂಬರು ಬರೆದುಕೊಟ್ಟೆ, ಹೆಸರಿಲ್ಲದೆ.

ಕಡತದಲ್ಲಿ ಕಬ್ಬಿಣದ ಮಾತ್ರೆ, ನಾಲ್ಕು ವಾರಕ್ಕೆ ಮತ್ತೆ.
ಅಂಚಿನಲ್ಲಿ ಪೆನ್ಸಿಲಿನಿಂದ ಒಂದು 'ಕು'.
ಮುಂದಿನ ಸಲ ಮರೆಯದೆ ಕೇಳಲು, ನನಗಷ್ಟೇ.
"ಇದೇನು ಸುರುಳಿ?" ಚೇಚಿ ಕನ್ನಡಕ ಏರಿಸಿದಳು.
"ನಮ್ಮ ಭಾಷೆ. ಚಿಗುರಿಗೆ, ವಂಶಕ್ಕೆ ಹುಟ್ಟಿದ ಕೂಸಿಗೆ
ಕುಡಿ ಅಂತೀವಿ," ಎಂದೆ.
ಸುಳ್ಳೇನಲ್ಲ.

ಅವನು ಟೋಕನ್ ಹಿಡಿದು ಬಂದ, ಬೆವರಿದ್ದ, ಪಾಪ.
ಮುಂದಿನವಳು ಬಂದಳು, ಜೊತೆಗೆ ಅತ್ತೆ.
ಹದಿನಾರು ಮುಗಿಯಿತು.
ಟಿಕ್ ನನ್ನನ್ನೇ ನೋಡುತ್ತಿತ್ತು.
ಅತ್ತೆಯವರೇ, ಕೆಳಗೊಂದು ಟೋಕನ್ ಸಿಗುತ್ತದೆ, ಎಂದೆ.