ಚಾಪೆ ಎಲ್ಲಿ ಹಾಸೋದು

ಗದ್ದಿಗೆಯ ಹುಲ್ಲಿನಲ್ಲಿ ಮೂರನೇ ಸುತ್ತು,
ಹೊಲಿಗೆ ಕ್ಲಾಸಿನ ಹನ್ನೊಂದು ಮಂದಿ,
ಚಾಪೆಯ ಸುರುಳಿ ನನ್ನ ಹೆಗಲ ಮೇಲೆ.

ಮರದಡಿ ಕೆಂಜಿಗ. ಗೋಡೆ ಬದಿ ಬಿಸಿಲು.
"ಗುಮ್ಮಟದ ನೆರಳೇನೋ ಒಳ್ಳೇದಿದೆ," ಜುಲೇಖಾ ಅಂದಳು,
"ಮಲಗಿದವರ ತಲೆದೆಸೆಯಲ್ಲಿ ಕಡುಬು ಬಿಚ್ಚೋದು ಹೇಗೆ?"
"ರಾಜರಿಗೂ ಹಸಿವಿತ್ತು ಕಣೇ," ಫಿಲೋಮಿನಾ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.

ಬೊಳ್ಳವ್ವ ಟೀಚರು ಕೊರಳಿನ ಟೇಪು ತೆಗೆದು
ನೆರಳನ್ನು ಅಳೆದರು:
ಒಬ್ಬರಿಗೆ ಸಾಲದು. ಆ ಒಬ್ಬರು ಯಾರೆಂದು
ಮತ್ತೆ ಚರ್ಚೆ.

ಚೋಂದಕ್ಕ ಮಂಡಿನೋವಿನವರು.
ಯಾರನ್ನೂ ಕೇಳದೆ
ಕಾಲುದಾರಿಯ ನಡುವೆಯೇ ಕೂತು
ಡಬ್ಬಿ ತೆರೆದರು.
ಮೀನಿಗೆ ಹಾಕಿದ ಕಾಚಂಪುಳಿ ಘಮ್ಮೆಂದಿತು.
ಚಾಪೆ ಬಿಚ್ಚಿದೆ.

ಸಂಜೆವರೆಗೆ ಗೋರಿ ನೋಡಲು ಬಂದವರು
ನಮ್ಮನ್ನೂ ಒಂದು ಸುತ್ತು ಬಳಸಿಕೊಂಡು,
ದನಿ ತಗ್ಗಿಸಿ ಹೋದರು.