ಒಂದು ಗೆರೆ ಹೆಚ್ಚು

ಚುಕ್ಕಿಗೆ ಚುಕ್ಕಿ ಎದುರೇ ಇದೆ, ನೋಡಿ,
ಎಂದು ಟಾರ್ಚು ಬಿಟ್ಟು ತೋರಿಸಿದ ಸಾಗರದ ಮೆಕ್ಯಾನಿಕ್ಕು
ಸುಳ್ಳೇನೂ ಹೇಳಿರಲಿಲ್ಲ.
ಎರಡು ಹಲ್ಲುಚಕ್ರ, ಸುತ್ತ ಹೊಸ ಚೈನು,
ಒಂದನ್ನೊಂದು ನೋಡುತ್ತ ಕೂತ ಎರಡು ಚುಕ್ಕಿ.
ಆದರೂ ರೀಬೋರು ಮಾಡಿ ಕಟ್ಟಿದ ಎಂಜಿನು,
ಹಲ್ಲಿನ ಡಾಕ್ಟರು ಲೋಬೊ ಅವರ ಅಂಬಾಸಿಡರ್,
ಹುಲಿಕಲ್ ಘಾಟಿಯ ಮೂರನೇ ತಿರುವಿಗೇ ಏದುಸಿರು ಬಿಟ್ಟು
ಹಿಂದಿನ ಬಸ್ಸಿನವನ ಬೈಗುಳ ತಿಂದು
ಶಿವಮೊಗ್ಗದ ನಮ್ಮ ಶೆಡ್ಡಿಗೆ
ಹಗ್ಗ ಕಟ್ಟಿಸಿಕೊಂಡು ಬಂತು.

"ಇದೇನು ರಂಗೋಲಿಯಾ ಬೇಟಿ,
ಚುಕ್ಕಿ ಸೇರಿದರೆ ಮುಗಿಯೋಕೆ?"
ಅಬ್ಬಾ ಸ್ಟೂಲಿನ ಮೇಲಿಂದ.
ಕೈ ನಡುಗಲು ಶುರುವಾದ ಮೇಲೆ ಅವರ ಕೆಲಸ
ಸ್ಟೂಲು, ಬೀಡಿ, ಮತ್ತೆ ನನ್ನ ಬೆನ್ನು ಕಾಯುವುದು.

ಹೆಡ್ಡು ಇಳಿಸಿದೆ. ಮೊದಲು ತುದಿ ಹುಡುಕಬೇಕು.
ಪಿಸ್ಟನ್ನು ಮೇಲೆ ಬಂದು ನಿಲ್ಲುವ ಜಾಗ
ನೋಡಿದರೆ ಸಿಗುವಂಥದ್ದಲ್ಲ;
ಅಲ್ಲಿ ಅದು ಒಂದಿಷ್ಟು ಹೊತ್ತು
ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ,
ಮುಳ್ಳಿಗೂ ತಿಳಿಯದ ಹಾಗೆ ಸುಮ್ಮನಿರುತ್ತದೆ.
ಅದಕ್ಕೇ ಬೋರಿನ ಮೇಲೆ ಅಡ್ಡಪಟ್ಟಿ ಬಿಗಿದು
ಈ ಕಡೆಯಿಂದ ತಿರುಗಿಸಿ, ಟಕ್, ಗುರುತು.
ಆ ಕಡೆಯಿಂದ ತಿರುಗಿಸಿ, ಟಕ್, ಗುರುತು.
ಎರಡರ ನಟ್ಟನಡುವೆ ಸೊನ್ನೆ.

ಆಮೇಲೆ ಒಂದೇ ದಿಕ್ಕು.
ಕೂದಲೆಳೆಯಷ್ಟು ದಾಟಿ ಹೋದರೂ
ಅಷ್ಟೇ ಹಿಂದೆ ತಂದು ಸರಿಹೋಯ್ತು ಅನ್ನುವಂತಿಲ್ಲ,
ಚೈನಿನ ಸಡಿಲ ಸುಳ್ಳು ಹೇಳುತ್ತದೆ.
ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಬಾ.
ಈ ಕೆಲಸದಲ್ಲಿ ನನಗೆ ಸಿಟ್ಟು ಬರುವುದು ಇಲ್ಲೊಂದೇ ಕಡೆ.

ಕ್ರ್ಯಾಂಕಿಗೆ ಎರಡು ಸುತ್ತಾದರೆ ಕ್ಯಾಮಿಗೆ ಒಂದು.
(ಮನೆಯಲ್ಲೂ ಅದೇ ಲೆಕ್ಕ, ಅಂದಿದ್ದಳು ಅಮ್ಮಿ,
ಎರಡನೇ ಕೊಡ ಇಳಿಸುತ್ತ.)

ಡಿಗ್ರಿ ಚಕ್ರ ನಾನು ಮಾಡಿದ್ದೇ.
ಏಳನೇ ಕ್ಲಾಸಿನ ಕೋನಮಾಪಕ,
ಟೈರ್ ಅಂಗಡಿ ಕ್ಯಾಲೆಂಡರಿನ ಬೆನ್ನು,
ಅಬ್ಬಾ ಕತ್ತರಿಸಿಕೊಟ್ಟ ತಗಡು, ಮೈದಾ ಅಂಟು.
ಮುನ್ನೂರರುವತ್ತು ಗೆರೆ ಎಳೆಯುವಾಗ
ನೂರರುವತ್ತು ದಾಟಿದ ಕೂಡಲೇ ಕರೆಂಟು ಹೋಗಿತ್ತು;
ಅಲ್ಲೊಂದು ಗೆರೆ ಹೆಚ್ಚು.

ಡಯಲ್ ಗೇಜಿನ ಕಡ್ಡಿ ಟ್ಯಾಪೆಟ್ಟಿನ ಮೇಲೆ.
ಏರಿತು, ಏರಿತು, ನೆತ್ತಿಗೆ ಐವತ್ತು ಪಾಯಿಂಟ್ ಮೊದಲು:
ಅರವತ್ತಾರು.
ನೆತ್ತಿ ದಾಟಿ ಅಷ್ಟೇ ಇಳಿದಾಗ:
ನೂರರುವತ್ತಮೂರು.
"ಒಂದು ಕಳಿ," ನೋಡದೆಯೇ ಅಬ್ಬಾ.
"ಗೊತ್ತು ಅಬ್ಬಾ."
ಗೋಡೆಯ ಮೊಳೆಗೆ ತೂಗುತ್ತಿದೆ
ಕೊಯಮತ್ತೂರಿನ ಏಜೆಂಟ್ ಕೊಟ್ಟ ಸ್ಟೀಲಿನ ಚಕ್ರ,
ಪ್ಲಾಸ್ಟಿಕ್ಕನ್ನೂ ಬಿಚ್ಚಿಲ್ಲ.
"ಇದರ ತಪ್ಪು ಎಲ್ಲಿದೆ ಅಂತ ಗೊತ್ತು.
ಅದರದ್ದು ಎಲ್ಲಿದೆಯೋ."

ಕೂಡಿಸಿ ಅರ್ಧ ಮಾಡಿದೆ: ನೂರಾ ಹದಿನಾಲ್ಕು.
ಪುಸ್ತಕ ಕೇಳುವುದು ನೂರಾ ಹತ್ತು.
ನಾಲ್ಕು ಡಿಗ್ರಿ ತಡ.
ಬಾಗಿಲು ತೆರೆಯುವಷ್ಟರಲ್ಲಿ ಬಂದವರು ಅರ್ಧ ದಾರಿ ವಾಪಸು;
ಘಾಟಿಯಲ್ಲಿ ಉಸಿರು ಕಟ್ಟದೆ ಇನ್ನೇನು.

ಒಂದು ಹಲ್ಲು ಜರುಗಿಸಿದರೆ ಹದಿನೆಂಟು ಡಿಗ್ರಿ ಹಾರುತ್ತದೆ.
ನಾಲ್ಕಕ್ಕೆ ಬೇಕಾದದ್ದು ಮೆಟ್ಟಿಲು ಕೀ.
ವೈಸಿನಲ್ಲಿ ಉಕ್ಕಿನ ತುಣುಕು,
ಕರಿಬಸವ ಲೈಟು ಹಿಡಿದ,
ನಾನು ಅರದಿಂದ ಉಜ್ಜಿದೆ: ಕೆಳಗರ್ಧ ನೆಟ್ಟಗೆ,
ಮೇಲರ್ಧ ಉಗುರಿನ ದಪ್ಪದಷ್ಟು ಪಕ್ಕಕ್ಕೆ.
ಮೊದಲನೆಯದು ಕೆಟ್ಟಿತು.
ಎರಡನೆಯದನ್ನು ತಿರುವುಮುರುವು ಕೂರಿಸಿ
ಇನ್ನೂ ನಾಲ್ಕು ತಡ ಮಾಡಿದೆ. ಅಬ್ಬಾ ಕೆಮ್ಮಿದರು,
ಏನೂ ಅನ್ನಲಿಲ್ಲ. ಪಲಾವು ಡಬ್ಬದಲ್ಲೇ ಆರಿತು.

ಬಿಚ್ಚಿ, ಹೊರಳಿಸಿ, ಬಿಗಿದು,
ಕೈಯಲ್ಲೇ ಎರಡು ಪೂರ್ತಿ ಸುತ್ತು:
ನೂರಾ ಒಂಬತ್ತು.
"ಒಂದು ಮುಂಚೆ ಆಯ್ತಲ್ಲಕ್ಕಾ?" ಅಂದ ಕರಿಬಸವ.
ಇರಲಿ ಬಿಡು. ಚೈನು ಹಿಗ್ಗುತ್ತದೆ,
ಮಳೆಗಾಲದೊಳಗೆ ತಾನಾಗಿ ಹತ್ತಕ್ಕೆ ಬರುತ್ತದೆ.

ಚುಕ್ಕಿಗಳು ಈಗ ನೇರ ನೋಡುತ್ತಿಲ್ಲ,
ಸ್ವಲ್ಪ ಓರೆಗಣ್ಣು.
ಮುಂದೆ ಯಾವತ್ತೋ ಬಿಚ್ಚಿದವನು
ಯಾವ ಕತ್ತೆಯ ಕೆಲಸ ಇದು ಅಂದಾನು.
ಕವರು ಮುಚ್ಚುವ ಮೊದಲು ಅದರ ಒಳಮೈಯಲ್ಲಿ
ಮೊಳೆಯಿಂದ ಗೀರಿ ಬರೆದೆ:
ಅಳೆದು ನೋಡಿ.
ಕೆಳಗೆ ಶೆಡ್ಡಿನ ಫೋನ್ ನಂಬರು.